ನಾಲ್ಕು ಅಂಗಿಗಳ ಗುರುವಾರ

ಮಳೆ ಈ ವರ್ಷ ಕಾರ್ತಿಕ ಮುಗಿದರೂ ಬಿಟ್ಟಿರಲಿಲ್ಲ. ಬಿಟ್ಟ ಮೇಲೆ ಎಲ್ಲರಿಗೂ ಒಂದೇ ಸಲ ಬಿಸಿಲು ಬೇಕಾಗಿತ್ತು. ಶಿಕಾರಿಪುರ ದಾಟಿ ಶಿರಾಳಕೊಪ್ಪದ ಕಡೆ ಹೋಗುವ ಟಾರು ರಸ್ತೆಯ ಅರ್ಧವನ್ನು ಮೆಕ್ಕೆಜೋಳ ಹಿಡಿದುಕೊಂಡಿತ್ತು. ಅಂಚಿಗೆ ಸಾಲಾಗಿ ಕಲ್ಲಿಟ್ಟು, ಒಳಗೆ ಕಾಳು ಹರವಿ, ತಲೆಗೆ ಟವೆಲು ಸುತ್ತಿಕೊಂಡ ಹೆಂಗಸರು ಬರಿಗಾಲಲ್ಲಿ ಅದನ್ನು ಗೆರೆಗೆರೆಯಾಗಿ ತಿರುವುತ್ತ ಹೋಗುತ್ತಿದ್ದರು. ಬಸ್ಸು ಬಂದರೆ ಬಸ್ಸೇ ಪಕ್ಕಕ್ಕೆ ಸರಿಯಬೇಕು. ಮಾಲತೇಶನ ಬೈಕಿನ ಚಕ್ರ ಒಂದು ಕಲ್ಲಿಗೆ ತಾಗಿ ಹಿಡಿಯಷ್ಟು ಕಾಳು ಸಿಡಿದಾಗ ಒಬ್ಬಳು ತಲೆ ಎತ್ತದೆಯೇ, "ಕಣ್ಣು ಮನಿಯಾಗ ಬಿಟ್ಟು ಬಂದೀರೇನ್ರಿ ಸಾರ್" ಅಂದಳು. ಅವನು ಬೈಕು ನಿಲ್ಲಿಸಿ, ಬಗ್ಗಿ, ಕಾಳು ಆರಿಸತೊಡಗಿದ. "ಬಿಡ್ರಿ, ಹೋಗ್ರಿ. ನೀವು ಆರಿಸಿ ಮುಗಿಸೋದ್ರಾಗ ಸಂಜಿ ಆಕ್ಕೈತಿ" ಅಂತ ಅವಳು ನಕ್ಕಳು. ಅವಳು ಬೈದದ್ದು ಅವನಿಗೆ ಹಿತವಾಗಿತ್ತು. ಯಾರಾದರೂ ಎದುರಿಗೆ ನಿಂತು, ಇಂಥಾದ್ದು ಮಾಡಿದೆ ನೀನು ಅಂತ ಹೇಳಿ, ನಕ್ಕು, ಹೋಗು ಅಂದುಬಿಟ್ಟರೆ ಎಷ್ಟು ಸಲೀಸು. ಹೆಗಲ ಚೀಲದಲ್ಲಿದ್ದ ರಿಜಿಸ್ಟರಿನ ಮೂಲೆ ಪಕ್ಕೆಗೆ ಒತ್ತುತ್ತಿತ್ತು. ಚೀಲವನ್ನು ಬೆನ್ನ ಕಡೆ ಸರಿಸಿಕೊಂಡ. ಎರಡು ಮೈಲಿ ಹೋಗುವಷ್ಟರಲ್ಲಿ ಅದು ಮತ್ತೆ ಪಕ್ಕೆಗೇ ಬಂತು.

ಮನೆಭೇಟಿಯ ಆ ರಿಜಿಸ್ಟರು ಬೇಕು ಅಂದವರು ಡಾಕ್ಟರು. ನಿನ್ನೆ ಸಂಜೆ ಹೆಡ್‌ಮಾಸ್ಟರ್ ಹುಚ್ಚರಾಯಪ್ಪನವರು ಫೋನು ಮಾಡಿ ಹೇಳಿದ್ದರು. "ನಿಮ್ಮ ಹುಡುಗೀದು ನಾಳೆ ಸೊರಬದ ಶಿಬಿರದಲ್ಲಿ ತೋರ್ಸದು ಅಂತ ಆಗದೆ. ಶಿವಮೊಗ್ಗದಿಂದ ಮಾನಸಿಕದ ಡಾಕ್ಟರಮ್ಮ ಬರ್ತಾರೆ. ಅವರು ಬರ್ಕೊಟ್ರೆ ಶಾಲೆಗೆ ಸೇರಿಸ್ಕೊಳ್ತೀನಿ, ಇಲ್ದಿದ್ರೆ ನನ್ನ ಕೈಲಾಗದಿಲ್ಲ ಮಾರಾಯ್ರೆ, ನಲವತ್ತು ಮಕ್ಕಳಿದಾವೆ." ನಿಮ್ಮ ಹುಡುಗಿ ಅಂದದ್ದು ಚೈತ್ರಶ್ರೀಯನ್ನು. ವಿಶೇಷ ಅಗತ್ಯದ ಮಕ್ಕಳ ಮನೆಗೇ ಹೋಗಿ ಪಾಠ ಹೇಳುವ ಮೇಷ್ಟ್ರು ಮಾಲತೇಶ. ಶಿಕಾರಿಪುರದಲ್ಲಿ ಮನೆ, ಸೊರಬದ ಸೀಮೆಯಲ್ಲಿ ಕೆಲಸ; ವಾರದ ಒಂದೊಂದು ದಿನ ಒಂದೊಂದು ಮನೆ. ಗುರುವಾರ ಕ್ಯಾಸನೂರಿನ ಆಚೆ, ಕಾಡಂಚಿನಲ್ಲಿ, ರಾಧಮ್ಮ ಗುತ್ಯಪ್ಪ ದಂಪತಿಯ ಮನೆ. ಚೈತ್ರ ಅವರ ಒಬ್ಬಳೇ ಮಗಳು. ಆಟಿಸಂ ಎಂಬ ಮಾತು ಆ ಊರಿಗೆ ಬಂದದ್ದು ಅವನ ಬಾಯಿಂದಲೇ. ಅಲ್ಲಿಯ ತನಕ ಅವಳು ಬರೀ ಮಾತು ಕಡಿಮೆಯ ಹುಡುಗಿ. ಆ ಹುಡುಗಿಗೆ ದಿನದಿಂದ ದಿನಕ್ಕೆ ದಾಟುವುದು ಹೊಳೆ ದಾಟಿದ ಹಾಗೆ, ಕಲ್ಲು ಕಾಣದಿದ್ದರೆ ಕಾಲು ಎತ್ತುತ್ತಿರಲಿಲ್ಲ, ಬೆಳಗೆದ್ದು ಇವತ್ತು ಯಾವ ದಿನ ಅಂತ ತಿಳಿಯದೆ ಗೋಡೆಗೆ ಹಣೆ ಕುಟ್ಟುತ್ತಿದ್ದಳು. ಆಗ ಅವನೇ ರಾಧಮ್ಮನಿಗೆ ಉಪಾಯ ಹೇಳಿಕೊಟ್ಟಿದ್ದ. ಒಂದೊಂದು ದಿನಕ್ಕೆ ಒಂದೊಂದು ಬಣ್ಣದ ಫ್ರಾಕು. ಸೋಮವಾರಕ್ಕೆ ನೀಲಿ, ಶನಿವಾರಕ್ಕೆ ಬಿಳಿ ಚುಕ್ಕೆಯ ಕೆಂಪು, ಗುರುವಾರಕ್ಕೆ ಹಳದಿ. ಹಬ್ಬ ಬಂದರೆ ಹಸಿರು. ಆರು ತಿಂಗಳಲ್ಲಿ ಗೋಡೆಗೆ ಕುಟ್ಟುವುದು ನಿಂತಿತ್ತು. ಹಳದಿ ಫ್ರಾಕು ಹಾಕಿದ ದಿನ ಅವಳೇ ಜಗಲಿಯಲ್ಲಿ ಚಾಪೆ ಹಾಸಿ, ಬಟ್ಟಲಲ್ಲಿ ಹುಣಸೆಬೀಜ ತಂದಿಟ್ಟುಕೊಂಡು, ಹತ್ತೂವರೆಗೆ ರಸ್ತೆ ನೋಡುತ್ತ ಕೂರುತ್ತಿದ್ದಳು. ಅವನು ತರಬೇತಿಗೆ ಹೋದಲ್ಲೆಲ್ಲ ಈ ಫ್ರಾಕಿನ ಕಥೆ ಹೇಳಿ ಚಪ್ಪಾಳೆ ಹೊಡೆಸಿಕೊಂಡಿದ್ದ.

ನಾಲ್ಕು ಅಂಗಿ ಯಾಕ್ರೀ, ಅಂತ ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹೆಂಡತಿ ಸುನಿತಾ ಕೇಳಿದ್ದಳು, ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ. "ಲಾಕ್‌ಡೌನಿನಾಗೂ ನಿಮಗೆ ಒಂದೇ ದಿನ ನಾಲ್ಕು ಮದುವಿ ಅದಾವೇನು?" ಶಾಲೆಗಳು ಮುಚ್ಚಿ ಐದು ತಿಂಗಳಾಗಿತ್ತು. ಮನೆಯಲ್ಲಿ ತಾಯಿಗೆ ಸಕ್ಕರೆ ಕಾಯಿಲೆ; ಹೊರಗೆ ಹೋಗಿ ಬಂದರೆ ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕು; ಅವನು ಹೋಗುವುದನ್ನೇ ಬಿಟ್ಟಿದ್ದ. ಫೋನು ಮಾಡುತ್ತಿದ್ದ. ಚೈತ್ರ ಫೋನು ಕಿವಿಗೆ ಹಿಡಿದರೆ ಮಾತಾಡುತ್ತಿರಲಿಲ್ಲ, ಉಸಿರು ಮಾತ್ರ ಕೇಳಿಸುತ್ತಿತ್ತು. ಇವನು ಈ ತುದಿಯಲ್ಲಿ ಚೆನ್ನಾಗಿದೀಯಾ ಪುಟ್ಟಾ, ಊಟ ಆತಾ ಅಂತ ಕೇಳಿ, ಅವಳ ಉಸಿರಿಗೇ ಹೂಂ ಹೂಂ ಅಂದು ಇಟ್ಟುಬಿಡುತ್ತಿದ್ದ. ಆಮೇಲೆ ಕಚೇರಿಯಿಂದ ಸೂಚನೆ ಬಂತು: ಪ್ರತಿ ಮಗುವಿಗೂ ತಿಂಗಳ ನಾಲ್ಕು ಭೇಟಿ, ನಾಲ್ಕು ಫೋಟೊ, ಪೋಷಕರ ಸಹಿ, ಶನಿವಾರದೊಳಗೆ. ಎಲ್ಲರೂ ಏನು ಮಾಡಿದರೋ ಅದನ್ನೇ ಅವನೂ ಮಾಡಿದ ಎಂದು ಹೇಳಿಕೊಳ್ಳಬಹುದಾಗಿತ್ತು. ಆದರೆ ಅಂಗಿಯ ಉಪಾಯ ಎಲ್ಲರದ್ದಲ್ಲ, ಅವನದ್ದೇ. ಒಂದು ಗುರುವಾರ ಬಟ್ಟೆಯ ಚೀಲದಲ್ಲಿ ಮೂರು ಅಂಗಿ ಮಡಿಸಿಟ್ಟುಕೊಂಡು, ಒಂದನ್ನು ಮೈಮೇಲೆ ಹಾಕಿಕೊಂಡು, ಅವನು ಆ ಜಗಲಿಗೆ ಹೋದ. ಚೈತ್ರ ಹಳದಿ ಫ್ರಾಕಿನಲ್ಲಿ ಚಾಪೆಯ ಮೇಲೆ ಕೂತಿದ್ದಳು, ಐದು ತಿಂಗಳು ಪ್ರತಿ ಗುರುವಾರವೂ ಕೂತಿದ್ದಳಂತೆ. ಅವನನ್ನು ಕಂಡು ನಗಲಿಲ್ಲ, ಅವಳು ನಗುವವಳಲ್ಲ. ಬಟ್ಟಲನ್ನು ಅವನ ಕಡೆ ಒಂದು ಗೇಣು ಸರಿಸಿದಳು.

ಪಾಠವೆಂದರೆ ಇಷ್ಟೇ: ಅವನು ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಅವಳ ಹೆಸರಿನ 'ಚ' ಬರೆಯುವುದು, ಅವಳು ಗೆರೆಯ ಮೇಲೆ ಹುಣಸೆಬೀಜ ಜೋಡಿಸುತ್ತ ಹೋಗುವುದು. ಪ್ರತಿ ಬೀಜದ ನುಣುಪು ಮುಖ ಒಂದೇ ಕಡೆ ಇರಬೇಕು. ಒಂದು ಅಕ್ಷರಕ್ಕೆ ಅರ್ಧ ಗಂಟೆ. ಅವತ್ತು ಆರೇಳು ಬೀಜ ಇಟ್ಟಿದ್ದಳೇನೋ, ಗುತ್ಯಪ್ಪ ಫೋಟೊ ಹೊಡೆದ, "ಬಂತು ಸಾರ್, ಚೆನಾಗಿ ಬಂತು" ಅಂದ. ಮಾಲತೇಶ ಅಂಗೈಯಲ್ಲಿ ಬೀಜಗಳನ್ನು ಗುಡಿಸಿ ಬಟ್ಟಲಿಗೆ ಹಾಕಿ, ದನದ ಕೊಟ್ಟಿಗೆಗೆ ಹೋಗಿ ಅಂಗಿ ಬದಲಾಯಿಸಿ ಬಂದ. ರಾಧಮ್ಮ ಮಗಳನ್ನು ಒಳಗೆ ಕರೆದೊಯ್ದು ನೀಲಿ ಫ್ರಾಕು ಹಾಕಿಸಿ ತಂದಳು. ಮತ್ತೆ 'ಚ', ಮತ್ತೆ ಆರೇಳು ಬೀಜ. ಮತ್ತೆ ಕೊಟ್ಟಿಗೆ, ಕೆಂಪು. ಮತ್ತೆ ಕೊಟ್ಟಿಗೆ, ಹಸಿರು. ಮುಕ್ಕಾಲು ಗಂಟೆಯಲ್ಲಿ ನಾಲ್ಕು ಗುರುವಾರ ಮುಗಿದವು. ಕೊಟ್ಟಿಗೆಯ ಎಮ್ಮೆ ಪ್ರತಿ ಸಲವೂ ತಲೆಯೆತ್ತಿ ಅವನ ಬರಿಮೈ ನೋಡುತ್ತಿದ್ದದ್ದು ನೆನಪಿದೆ. ಚೈತ್ರ ಪ್ರತಿ ಸಲವೂ ಸುಮ್ಮನೆ ಬಂದು ಕೂತಳು. ಹಟ ಮಾಡಲಿಲ್ಲ. ಅವಳು ಹಟ ಮಾಡಿದ್ದರೆ ಅವನು ನಿಲ್ಲಿಸುತ್ತಿದ್ದನೋ ಏನೋ. ಹೊರಡುವಾಗ ಅವಸರದಲ್ಲಿ ಒಂದು ಅಂಗಿಯನ್ನು ಕೊಟ್ಟಿಗೆಯ ಗೂಟದ ಮೇಲೆಯೇ ಮರೆತ. ಮಾವ ದೀಪಾವಳಿಗೆ ಕೊಡಿಸಿದ ಗೆರೆಯ ಅಂಗಿ. ಸುನಿತಾ ಇವತ್ತಿಗೂ ಆಗಾಗ ಕೇಳುತ್ತಾಳೆ. ಅವನು ಎರಡು ವರ್ಷದಲ್ಲಿ ಆ ಮನೆಗೆ ಮತ್ತೆ ಹೋದದ್ದು ಎರಡೇ ಸಲ, ಅಂಗಳದಲ್ಲೇ ನಿಂತು ಬಂದದ್ದು. ಅದು ಗುರುವಾರ ಕೂಡ ಆಗಿರಲಿಲ್ಲ. ಉಳಿದ ಭೇಟಿಗಳನ್ನೆಲ್ಲ ಮನೆಯಲ್ಲೇ ಕೂತು ರಿಜಿಸ್ಟರಿನಲ್ಲಿ ತುಂಬಿದ್ದ.

ಸೊರಬದಲ್ಲಿ ಶಿಬಿರ ಒಂದು ಸಮುದಾಯ ಭವನದಲ್ಲಿ ನಡೆದಿತ್ತು. ಹೊರಗೆ ಬೆಂಚು, ಬೆಂಚಿನ ಮೇಲೆ ಮುಖಗವಸು ಗಲ್ಲಕ್ಕೆ ಇಳಿಸಿಕೊಂಡ ಜನ. ಮೂಲೆಯಲ್ಲಿ ರಾಧಮ್ಮ ಕೂತಿದ್ದಳು. ಅವನನ್ನು ನೋಡಿ ಎದ್ದು, ಸೆರಗು ಸರಿಮಾಡಿಕೊಂಡು, "ಬಂದ್ರಾ ಸಾರ್, ನೀವು ಬರಾಕಿಲ್ಲ ಅಂತ ಮಾಡಿದ್ದೆ" ಅಂದಳು. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಅವಳ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದ ಹುಡುಗಿಯನ್ನು ಅವನು ಮೊದಲು ಗುರುತಿಸಲಿಲ್ಲ. ಎತ್ತರವಾಗಿದ್ದಳು, ಹದಿಮೂರು ತುಂಬಿತ್ತು. ಆದರೆ ಮೈ ದಪ್ಪಗಾಗಿ ಉಬ್ಬಿಕೊಂಡಂತೆ ಕಾಣುತ್ತಿತ್ತು. ಗುಳಿಗೆಯಿಂದ ಹೀಗಾಗುತ್ತದೆ ಎಂದುಕೊಂಡ. ಹತ್ತಿರ ಹೋದಾಗ ಕೊರಳಿನ ಬಳಿ ಒಂದರ ಒಳಗೊಂದು ಪಟ್ಟಿಗಳು ಕಂಡವು. ಅವಳು ಫ್ರಾಕಿನ ಮೇಲೆ ಫ್ರಾಕು ಹಾಕಿಕೊಂಡಿದ್ದಳು. ಬಗಲಿನ ಹೊಲಿಗೆ ಬಿಚ್ಚಿ ಅಗಲ ಮಾಡಿದ್ದರೂ ಬಿಗಿಯಾಗಿದ್ದವು. ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು.

"ಚಳೀನಾ ಅವಳಿಗೆ?"

"ಚಳಿಯೂ ಅಲ್ಲ ಎಂತದೂ ಅಲ್ಲ ಸಾರ್. ಮೊದ್ಲು ದಿನಕ್ಕೆ ಹತ್ತು ಹದಿನೈದು ಸಲ ಬದಲಾಯ್ಸ್ತಿದ್ಲು. ಹಾಕದು, ಜಗಲಿಗೆ ಹೋಗಿ ರಸ್ತೆ ನೋಡದು, ಬರದು, ಮತ್ತೊಂದು ಹಾಕದು. ಬೈದೆ, ಹೊಡೆದೆ, ಪೆಟ್ಟಿಗೆಗೆ ಬೀಗ ಹಾಕಿದೆ. ಬೀಗ ಹಾಕಿದ್ದಕ್ಕೆ ಕೈ ಕಚ್ಚಿಕೊಂಡ್ಲು. ಈಗ ಹಿಂಗೆ, ಎಲ್ಲಾ ಒಟ್ಟಿಗೇ. ರಾತ್ರಿಗೂ ತೆಗೆಯಾಕೆ ಕೊಡಲ್ಲ. ಶಾಲೆ ಶುರುವಾದಾಗ ಯೂನಿಫಾರ್ಮಿನ ಮೇಲೇ ಕ್ಲಾಸಿನಲ್ಲಿ ಎದ್ದು ನಿಂತು ಫ್ರಾಕು ಹಾಕ್ಕೊಂಡ್ಲಂತೆ. ಮಕ್ಕಳು ನಕ್ರು. ಇವಳು ಕಿರುಚಿದ್ಲು. ಹುಚ್ಚರಾಯಪ್ಪ ಮೇಷ್ಟ್ರು ಕರೆಸಿ, ಕರ್ಕೊಂಡು ಹೋಗಮ್ಮ ಅಂದ್ರು." ಅವಳು ಸಪ್ಪಗೆ ನಕ್ಕು, "ನಮ್ಮೂರ ಕಡೆಯೋರು ಮಂಗನ ಕಾಯಿಲೆ ಕಂಡೋರು ಸಾರ್, ಕ್ಯಾಸನೂರು ಕಾಯಿಲೆ ಅಂತ ಊರಿನ ಹೆಸರಲ್ಲೇ ಕಾಯಿಲೆ ಉಂಟು. ಕೊರೊನಾ ಬಂದ್ರೂ ಯಾರೂ ಅಷ್ಟು ಹೆದರ್ಲಿಲ್ಲ. ಇದಕ್ಕೆ ಮಾತ್ರ ಎಂತ ಮಾಡದು ಅಂತ ಗೊತ್ತಾಗ್ಲಿಲ್ಲ" ಅಂದಳು.

ಹೆಸರು ಕರೆದಾಗ ಮೂವರೂ ಒಳಗೆ ಹೋದರು. ಡಾಕ್ಟರಮ್ಮನಿಗೆ ನಲವತ್ತರ ಆಸುಪಾಸು, ದಣಿದ ಕಣ್ಣು, ಬೆಳಗಿನಿಂದ ಎಷ್ಟನೆಯವರೋ ಇವರು. ಚೈತ್ರಳನ್ನು ಮುಟ್ಟದೆ, ಹತ್ತಿರ ಕರೆಯದೆ, ಅವಳು ಮೇಜಿನ ಅಂಚನ್ನು ಬೆರಳಿನಿಂದ ಅಳೆಯುವುದನ್ನು ತುಸು ಹೊತ್ತು ನೋಡಿದರು. ಒಳ್ಳೆಯವರು ಎಂದು ಮಾಲತೇಶನಿಗೆ ಅನಿಸಿತು. ಅವರು ರಾಧಮ್ಮನನ್ನು ನಿದ್ದೆ, ಊಟ, ಮುಟ್ಟು ಎಲ್ಲ ವಿಚಾರಿಸಿ, ಆಮೇಲೆ ಅವನ ಕಡೆ ತಿರುಗಿ ಕೈ ಚಾಚಿದರು. ರಿಜಿಸ್ಟರು ಮೇಜಿನ ಮೇಲೆ ಹೋಯಿತು. ಪುಟ ತಿರುವಿದರು. ತಿಂಗಳಿಗೆ ನಾಲ್ಕು. ಪ್ರತಿ ಭೇಟಿಯ ಎದುರು ಅವನದೇ ಮುದ್ದಾದ ಅಕ್ಷರ: ಪ್ರಗತಿ ಸಮಾಧಾನಕರ. ಪ್ರಗತಿ ಸಮಾಧಾನಕರ. ಆ ಅಕ್ಷರಗಳ ಅಚ್ಚುಕಟ್ಟುತನ ಅವನಿಗೇ ನೋಡಲಾಗಲಿಲ್ಲ.

"ಪರವಾಗಿಲ್ಲ ಮೇಷ್ಟ್ರೇ, ಆ ಕಾಲದಲ್ಲೂ ಒಂದು ವಾರ ತಪ್ಪಿಸಿಲ್ಲ ನೀವು" ಅಂದರು ಡಾಕ್ಟರಮ್ಮ. "ಬಟ್ಟೆಯದ್ದು ಯಾವಾಗ ಶುರುವಾಯ್ತು? ಅದಕ್ಕೆ ಮುಂಚೆ ಏನಾದರೂ ಆಗಿತ್ತಾ? ಭಯ ಬೀಳೋದು, ಮನೆಯಲ್ಲಿ ಸಾವು, ಜಗಳ, ಏನಾದರೂ ದಿನಚರಿ ತಪ್ಪಿದ್ದು?"

ರಾಧಮ್ಮ ಅವನ ಕಡೆ ನೋಡಿದಳು. ನೋಡಿದ್ದು ಒಂದೇ ಉಸಿರಿನಷ್ಟು. ಅವನು ರಿಜಿಸ್ಟರು ನೋಡಿದ. ಅದು ಆ ಪುಟಕ್ಕೇ ತೆರೆದು ಬಿದ್ದಿತ್ತು, ಆಗಸ್ಟ್ ತಿಂಗಳ ಪುಟ. ನಾಲ್ಕು ಫೋಟೊ. ನಾಲ್ಕು ಸಹಿ, ರಾಧಮ್ಮನದ್ದು, ಎರಡು ನೀಲಿ ಶಾಯಿ ಎರಡು ಕಪ್ಪು. ಒಂದನೆಯದರಲ್ಲಿ ಹಳದಿ ಫ್ರಾಕು, ಎರಡನೆಯದರಲ್ಲಿ ನೀಲಿ, ಮೂರನೆಯದು ಬಿಳಿ ಚುಕ್ಕೆಯ ಕೆಂಪು, ನಾಲ್ಕನೆಯದು ಹಬ್ಬದ ಹಸಿರು. ಅವನು ತಲೆಯೆತ್ತಿ ಮೇಜಿನ ಆಚೆ ನಿಂತ ಹುಡುಗಿಯ ಕೊರಳು ನೋಡಿದ. ಮೇಲೆ ಹಸಿರು. ಅದರ ಒಳಗೆ ಕೆಂಪು ಪಟ್ಟಿ, ಅದರೊಳಗೆ ನೀಲಿ, ಎಲ್ಲಕ್ಕಿಂತ ಒಳಗೆ, ಬೆವರಿಗೆ ಅಂಟಿಕೊಂಡು, ಹಳದಿಯ ಒಂದು ಅಂಚು. ಅದೇ ಸಾಲು, ಒಂದೂ ಆಚೀಚೆ ಇಲ್ಲ. ಅವಳು ಎಂದೂ ಯಾವುದನ್ನೂ ತಪ್ಪಾಗಿ ಕಲಿತವಳಲ್ಲ. ಬಟ್ಟೆ ಬದಲಾಯಿಸಿದರೆ ಮುಂದಿನ ಗುರುವಾರ ಬರುತ್ತದೆ, ಮೇಷ್ಟ್ರು ಬರುತ್ತಾರೆ ಎಂದು ಅವತ್ತು ಮೂರು ಸಲ ಹೇಳಿಕೊಟ್ಟಿದ್ದರು, ಅವಳು ಕಲಿತಿದ್ದಳು. ಎರಡು ವರ್ಷದಿಂದ ಅವಳು ಗುರುವಾರ ತರಿಸುತ್ತಿದ್ದಳು. ಅದು ಬರುತ್ತಿರಲಿಲ್ಲ.

"ಕೊರೊನಾದಾಗ ಸಾರ್... ಮೇಡಮ್ಮೋರೆ" ಅಂದಳು ರಾಧಮ್ಮ. "ತನ್ನಿಂದ ತಾನೇ ಶುರುವಾತು. ಹಂಗೆ ಎಂತದೂ ಆಗ್ಲಿಲ್ಲ."

ಅವನು ಬಾಯಿ ತೆರೆದದ್ದು ನಿಜ. ತೆರೆದ ಬಾಯಿಯಿಂದ, "ಹೌದು ಮೇಡಂ" ಎಂಬ ಮಾತು ಹೊರಗೆ ಬಂತು. ಎಲ್ಲ ಭೇಟಿಯ ವರದಿಗೂ ಹಾಕುವ ಸಹಿಯ ಹಾಗೆ, ಕೈಗೆ ರೂಢಿಯಾಗಿ.

ಡಾಕ್ಟರಮ್ಮ ಪೆನ್ನು ತೆಗೆದುಕೊಂಡರು. ಬೈಯುವವರ ದನಿಯಲ್ಲಲ್ಲ, ಸಮಾಧಾನ ಹೇಳುವವರ ದನಿಯಲ್ಲೇ ಹೇಳಿದರು. ಏನೋ ಒಂದು ಕಾರಣಕ್ಕೆ ಕೆಟ್ಟಿದ್ದರೆ ಆ ಕಾರಣ ಹಿಡಿದು ಸರಿಮಾಡಬಹುದಿತ್ತು. ಕಾರಣವೇ ಇಲ್ಲದೆ, ಅದೂ ವಾರವಾರ ಮೇಷ್ಟ್ರು ಮನೆಗೆ ಬಂದು ಪಾಠ ಹೇಳಿಯೂ, ಹೀಗೆ ಹೆಚ್ಚುತ್ತ ಹೋಗಿದೆ ಅಂದರೆ ಮಾಮೂಲಿ ಶಾಲೆ ಇವಳಿಗೆ ಹಿಂಸೆಯೇ. ಉಳಿದುಕೊಳ್ಳುವ ವ್ಯವಸ್ಥೆ ಇರುವ ಕೇಂದ್ರಕ್ಕೆ ಬರೆಯುತ್ತೇನೆ, ಸದ್ಯಕ್ಕೆ ಗುಳಿಗೆ. ಬರೆದು, ಕವರಿಗೆ ಹಾಕಿ, ಅವನ ಕೈಗೇ ಕೊಟ್ಟರು. "ಹೆಡ್‌ಮಾಸ್ಟರಿಗೆ ನೀವೇ ತಲುಪಿಸಿ. ತಾಯಿಗೆ ಸ್ವಲ್ಪ ಬಿಡಿಸಿ ಹೇಳಿ. ನಿಮ್ಮ ಮಾತಿಗೆ ಬೆಲೆ ಕೊಡ್ತಾರೆ."

ಹೊರಗೆ ಬಿಸಿಲು ಕಣ್ಣಿಗೆ ಹೊಡೆಯಿತು. ರಾಧಮ್ಮ ಬಸ್‌ಸ್ಟ್ಯಾಂಡಿನ ತನಕ ಮಗಳ ಮಣಿಕಟ್ಟು ಹಿಡಿದು ನಡೆದಳು. ಬಸ್ಸಿನ ನೆರಳಿಗೆ ಬಂದ ಮೇಲೆ, ಅವನ ಮುಖ ನೋಡದೆ, "ಉಳಿದುಕೊಳ್ಳದು ಅಂದ್ರೆ ರಾತ್ರಿಯೂ ಅಲ್ಲೇ ಅಲ್ದಾ ಸಾರ್" ಅಂತ ಕೇಳಿದಳು.

"ಹೂಂ."

"ಅಲ್ಲಿ ಇವಳಿಗೆ ಯಾವ ದಿನ ಅಂತ ಯಾರು ಹೇಳ್ತಾರೆ?"

"ನೀನು ಯಾಕೆ ಹಂಗೆ ಹೇಳಿದೆ ರಾಧಮ್ಮ, ಎಂತದೂ ಆಗ್ಲಿಲ್ಲ ಅಂತ" ಅಂದ. ಅಂದ ಮೇಲೆ ನಾಚಿಕೆಯಾಯಿತು. ತಾನು ನುಂಗಿದ್ದನ್ನು ಅವಳ ಬಾಯಲ್ಲಿ ಹುಡುಕುತ್ತಿದ್ದೇನೆ ಅನಿಸಿತು.

"ನೀವು ಕೂತಿದ್ರಲ್ಲ" ಅಂದಳು ಅವಳು. "ನಿಮ್ಮ ಎದುರಿಗೆ ನಿಮ್ಮ ಮರ್ಯಾದೆ ತೆಗೆಯದಾ? ನಮ್ಮ ಮನೆ ಬಾಗ್ಲಿಗೆ ಬಂದು ಇವಳಿಗೆ ಅಕ್ಷರ ಹೇಳಿದೋರು ನೀವೊಬ್ರೇ. ಆಮೇಲೆ ನಂದೂ ಸೈ ಅದೆಯಲ್ಲ. ಪೆನ್ನು ಬದ್ಲು ಮಾಡಿ ಹಾಕಿದ್ದು ನಾನೇ." ಬಸ್ಸಿನ ಮೆಟ್ಟಿಲು ಹತ್ತುತ್ತ, ಏನೋ ಮರೆತದ್ದು ಜ್ಞಾಪಿಸಿಕೊಂಡವಳ ಹಾಗೆ ತಿರುಗಿ, "ಇವತ್ತು ಗುರುವಾರ ಸಾರ್. ಬೆಳಿಗ್ಗೆ ಚಾಪೆ ಹಾಸಿಯೇ ಬಂದಾಳೆ. ಸುಮ್ನೆ ಹೇಳಿದೆ" ಅಂದಳು.

ಬಸ್ಸು ಹೋಯಿತು. ಶಿರಾಳಕೊಪ್ಪದ ದಾರಿ ಒಂದು ಕಡೆ, ಕ್ಯಾಸನೂರಿನ ದಾರಿ ಒಂದು ಕಡೆ. ಮನೆಗೆ ಹೋದರೆ ಸುನಿತಾ ಊಟ ಬಡಿಸುತ್ತಾಳೆ. ಕವರನ್ನು ನಾಳೆ ಹುಚ್ಚರಾಯಪ್ಪನವರಿಗೆ ಕೊಡಬಹುದು. ಅವರು ಓದಿ, ಒಂದು ನಿಟ್ಟುಸಿರು ಬಿಟ್ಟು, ಒಂದು ಥರ ಒಳ್ಳೇದೇ ಆತು ಬಿಡಿ ಮಾರಾಯ್ರೆ ಅನ್ನುತ್ತಾರೆ. ಅದರ ಮೇಲೆ ಇನ್ನು ಗುರುವಾರ ಈ ದಾರಿಗೆ ಬರುವ ಕೆಲಸವೇ ಇರುವುದಿಲ್ಲ. ಆ ಬಿಡುಗಡೆಯ ರುಚಿ ಒಂದು ಗಳಿಗೆ ಅವನ ನಾಲಗೆಯ ಮೇಲೆ ನಿಜಕ್ಕೂ ಬಂತು, ಹುಣಸೆಬೀಜ ಚೀಪಿದ ಹಾಗೆ, ಮೊದಲು ಹುಳಿ, ಆಮೇಲೆ ಬರೀ ಒಗರು. ಬೈಕು ಬಸ್ಸಿನ ಹಿಂದೆ ಹೋಗುತ್ತಿರುವುದು ಅವನಿಗೆ ಗೊತ್ತಾದದ್ದು ಬಸ್ಸಿನ ಧೂಳು ಮುಖಕ್ಕೆ ಬಂದಾಗಲೇ. ಗದ್ದೆಗಳಲ್ಲಿ ಕೊಯ್ಲು ಮುಗಿದಿತ್ತು, ಮಳೆಗೆ ಮಲಗಿದ ಭತ್ತವನ್ನು ಮಷೀನು ಹಿಡಿಯದೆ ಜನ ಕುಡುಗೋಲಿನಲ್ಲೇ ಕೊಯ್ದಿದ್ದರು. ಕೂಳೆಯ ಸಾಲು ಅಲ್ಲಲ್ಲಿ ಓರೆಯಾಗಿತ್ತು. ಒಂದು ಗದ್ದೆಯಲ್ಲಿ ಹೊರೆ ಕಟ್ಟುತ್ತಿದ್ದವನು ಗುತ್ಯಪ್ಪನೇ ಇರಬೇಕು, ಕೈ ಎತ್ತಿದ. ಇವನೂ ಎತ್ತಿದ.

ಚಾಪೆ ಹಾಸಿಯೇ ಇತ್ತು. ಬಟ್ಟಲೂ ಇತ್ತು, ಬೀಜವೂ ಇತ್ತು. ಅವನು ಚಪ್ಪಲಿ ಬಿಟ್ಟು ಜಗಲಿ ಹತ್ತಿ ತನ್ನ ಜಾಗದಲ್ಲಿ ಕೂತ. ಚೈತ್ರ ಬಂದು ತನ್ನ ಜಾಗದಲ್ಲಿ ಕೂತಳು. ಜೇಬಿನಲ್ಲಿ ಸೀಮೆಸುಣ್ಣವಿರಲಿಲ್ಲ. ಇಪ್ಪತ್ತು ವರ್ಷ ಮೇಷ್ಟ್ರಿಕೆ ಮಾಡಿದವನ ಜೇಬಿನಲ್ಲಿ ಒಂದು ಚೂರು ಸುಣ್ಣವಿಲ್ಲ. ರಾಧಮ್ಮ ಒಳಗಿನಿಂದ ರಂಗೋಲಿ ಪುಡಿ ತಂದುಕೊಟ್ಟಳು. ಅದರಲ್ಲೇ 'ಚ' ಬರೆದ. ಪುಡಿ ಹೆಚ್ಚು ಬಿದ್ದು ಗೆರೆ ಒಂದು ಕಡೆ ದಪ್ಪವಾಯಿತು. ಹುಡುಗಿ ಆ ದಪ್ಪ ಜಾಗವನ್ನು ಬಹಳ ಹೊತ್ತು ನೋಡಿ, ಅಲ್ಲಿಗೆ ಎರಡು ಬೀಜ ಜೋಡಿಯಾಗಿ ಇಟ್ಟು, ಶುರುಮಾಡಿದಳು. ಒಂದು ಬೀಜ. ತಿರುಗಿಸುವುದು, ನುಣುಪು ಮುಖ ನೋಡುವುದು, ಇಡುವುದು, ಬೆರಳಿನಿಂದ ಒತ್ತುವುದು. ಅವನು ಏನೂ ಮಾಡಲಿಲ್ಲ. ಒಂದು ಅಕ್ಷರ ಮುಗಿಯುವುದನ್ನು ಹೀಗೆ ನೋಡುತ್ತ ಕೂರುವುದು ಇಷ್ಟು ಕಷ್ಟ ಎಂದು ಮರೆತೇಹೋಗಿತ್ತು. ಮೈಯೆಲ್ಲ ಏಳು ಏಳು ಅನ್ನುತ್ತಿತ್ತು, ಫೋನು ಎರಡು ಸಲ ಹೊಡೆದುಕೊಂಡಿತು, ಕೊಟ್ಟಿಗೆಯಲ್ಲಿ ಎಮ್ಮೆ ಮೂಗು ಊದಿತು. ಅರ್ಧ ಗಂಟೆಗೂ ಮೇಲಾಯಿತು. ಕೊನೆಯ ಬೀಜ ಮೊದಲಿನ ಬೀಜದ ಹತ್ತಿರ ಬಂದು ನಿಂತಾಗ ಅವಳ ಬಾಯಿಂದ ಒಂದು ಸಣ್ಣ ಶಬ್ದ ಬಂತು, ಬಾಗಿಲ ಅಗಳಿ ಬಿದ್ದಂಥದ್ದು.

ಆಮೇಲೆ ಅವಳು ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಅವನ ಅಂಗಿ ಇತ್ತು. ಗೆರೆಯ ಅಂಗಿ, ತೊಳೆದು, ನೀಟಾಗಿ ಮಡಿಸಿದ್ದು. ಅದನ್ನು ಅವನ ತೊಡೆಯ ಮೇಲೆ ಇಟ್ಟು, ಕೊಟ್ಟಿಗೆಯ ಕಡೆ ನೋಡಿದಳು.

"ಅವತ್ತು ಬಿಟ್ಟು ಹೋಗಿದ್ರಿ" ಅಂದಳು ರಾಧಮ್ಮ, ಬಾಗಿಲಲ್ಲಿ ನಿಂತು. "ಕೊಡನ ಅಂತ ಇಟ್ಟಿದ್ದೆ. ಅಂಗಿ ಕಾಣದೇ ಹೋದ್ರೆ ಇವಳು ಹುಡುಕ್ತಾಳೆ, ಹಂಗಾಗಿ ಇವಳ ಪೆಟ್ಟಿಗೇಲೇ ಇತ್ತು."

ಹೋಗಿ ಹಾಕಿಕೊಂಡು ಬಾ ಎಂಬಂತೆ ಚೈತ್ರ ಕಾಯುತ್ತಿದ್ದಳು. ಹಾಕಿಕೊಂಡರೆ ಅವಳು ಶಾಂತವಾಗುತ್ತಾಳೆ, ಅದು ಗೊತ್ತು. ಕೊಟ್ಟಿಗೆಗೆ ಹೋಗಿ ಗುಂಡಿ ಬಿಚ್ಚುವುದು ಎರಡು ನಿಮಿಷದ ಕೆಲಸ. ಅವನು ಅಂಗಿಯನ್ನು ಪಕ್ಕಕ್ಕೆ ಇಟ್ಟು, ತನ್ನ ಮೈಮೇಲಿನ ಅಂಗಿಯನ್ನು ಮುಟ್ಟಿ ತೋರಿಸಿ, "ಇವತ್ತು ಇದೇ ಪುಟ್ಟಾ. ಇದು ಒಂದೇ" ಅಂದ. ಅವಳ ಉಸಿರು ಏರಿತು. ಮುಷ್ಟಿ ಹಣೆಯ ಹತ್ತಿರ ಹೋಯಿತು. ರಾಧಮ್ಮ ಮುಂದೆ ಬಂದಳು. ಅವನು ಬೇಡ ಎಂದು ಕೈ ಮಾಡಿ, ಮುಗಿದ 'ಚ'ವನ್ನು ಅಳಿಸದೆ, ಗುಡಿಸದೆ, ಅದರ ಪಕ್ಕದಲ್ಲೇ ಇನ್ನೊಂದು 'ಚ' ಬರೆದ. ಮುಷ್ಟಿ ಅಲ್ಲೇ ನಿಂತಿತು. ಬೀಜ ತುಂಬಿದ ಅಕ್ಷರವನ್ನೂ ಬರಿಯ ಅಕ್ಷರವನ್ನೂ ಅವಳು ಎಷ್ಟೋ ಹೊತ್ತು ನೋಡಿದಳು. ಆಮೇಲೆ ಒಳಗೆ ಹೋದಳು. ಮರಳಿ ಬಂದಾಗ ಹಸಿರು ಫ್ರಾಕು ಮೈಮೇಲೆ ಇರಲಿಲ್ಲ. ಬಿಳಿ ಚುಕ್ಕೆಯ ಕೆಂಪಿನಲ್ಲಿ ಬಂದು ಚಾಪೆಯ ಮೇಲೆ ಕೂತು ಬಟ್ಟಲಿಗೆ ಕೈ ಹಾಕಿದಳು.

ರಾಧಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೂರು ತಿಂಗಳಿಂದ ಆ ಹಸಿರು ಫ್ರಾಕನ್ನು ಯಾರ ಕೈಲೂ ತೆಗೆಸಲಾಗಿರಲಿಲ್ಲ.

ಚೈತ್ರ ಬೀಜ ಇಡುತ್ತಿರುವಾಗ ಅವನು ಚೀಲದಿಂದ ರಿಜಿಸ್ಟರು ತೆಗೆದ. ಆಗಸ್ಟಿನ ಪುಟ. ನಾಲ್ಕು ಫೋಟೊಗಳ ಕೆಳಗೂ ಅದೇ ಮುದ್ದಾದ ಅಕ್ಷರದಲ್ಲಿ ಒಂದೇ ತಾರೀಖು ಬರೆದ. ಅದರ ಕೆಳಗೆ: ಒಂದೇ ದಿನ, ಮುಕ್ಕಾಲು ಗಂಟೆಯಲ್ಲಿ ತೆಗೆದದ್ದು. ಬಟ್ಟೆ ಬದಲಾಯಿಸಿದ್ದು ನಾನು ಹೇಳಿದ್ದರಿಂದ. ಮಗುವಿನ ತೊಂದರೆ ಇದಾದ ಮೇಲೆ ಶುರುವಾದದ್ದು. ಆಮೇಲಿನ ಭೇಟಿಗಳು ನಡೆದಿಲ್ಲ. ಬರೆಯುವಾಗ ಧೈರ್ಯವೇನೂ ಬರಲಿಲ್ಲ, ಬೆನ್ನು ನೋಯುತ್ತಿತ್ತು ಅಷ್ಟೆ. ಕೆಲಸ ಹೋಗುತ್ತದೋ, ನೋಟೀಸು ಬರುತ್ತದೋ, ಸುನಿತಾ ಏನನ್ನುತ್ತಾಳೋ, ಎಲ್ಲ ದೂರದ ಗದ್ದೆಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳಿಸುತ್ತಿತ್ತು. ಶಾಯಿ ಒಣಗಲು ಪುಟ ತೆರೆದೇ ಇಟ್ಟ. ರಾಧಮ್ಮ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು.

"ನನ್ನ ಸೈ?"

"ನಾನು ಹಾಕಿಸಿದ್ದು ಅಂತ ಹೇಳ್ತೀನಿ."

"ಹಂಗೆ ಹೇಳಬೇಡಿ ಸಾರ್. ಆವಾಗ ನಾನೂ ಕೂಡಿದ್ದೆ, ಈಗ ನಿಮ್ಮೊಬ್ರನ್ನೇ ಮುಂದೆ ಮಾಡದು ಬೇಡ." ಅವಳು ನೆಲದ ಮೇಲಿದ್ದ ಪೆನ್ನು ಎತ್ತಿಕೊಂಡು, ಅವನು ಬರೆದದ್ದರ ಕೆಳಗೆ, ಒಂದೇ ಶಾಯಿಯಲ್ಲಿ, ತನ್ನ ಹೆಸರು ಬರೆದಳು. "ಇದನ್ನ ಆ ಮೇಡಮ್ಮಂಗೆ ತೋರ್ಸದು ಯಾವಾಗ?"

"ಸೋಮವಾರ ಶಿವಮೊಗ್ಗಕ್ಕೆ ಹೋಗ್ತೀನಿ. ಕವರೂ ವಾಪಸ್ಸು ಕೊಡ್ತೀನಿ."

"ಹೋಗ್ತೀನಿ ಅಲ್ಲ, ಹೋಗನ. ನಾನೂ ಬತ್ತೀನಿ" ಅಂದಳು. ನಂಬದವಳ ದನಿಯೂ ಅಲ್ಲ, ನಂಬಿದವಳದೂ ಅಲ್ಲ. "ಮೊದ್ಲನೆ ಬಸ್ಸು ಆರೂಕಾಲಿಗೆ."

ಎರಡನೆಯ 'ಚ' ಮುಗಿಯಿತು. ಚೈತ್ರ ಒಳಗೆ ಹೋಗಿ ನೀಲಿಯಲ್ಲಿ ಬಂದಳು. ಮೂರನೆಯದನ್ನು ಬರೆಯುವ ಹೊತ್ತಿಗೆ ಬಿಸಿಲು ಅಂಗಳದ ಆಚೆಯ ಹುಲ್ಲಿನ ಬಣವೆಗೆ ಸರಿದಿತ್ತು. ಅವನ ಕಾಲು ಜೋಮು ಹಿಡಿದಿತ್ತು. ರಾಧಮ್ಮ ಚಾ ತಂದಿಟ್ಟಳು, ಅದು ಆರಿ ಕೆನೆ ಕಟ್ಟಿತು. ಹುಡುಗಿಯ ಕೈ ನಿಧಾನವಾಗುತ್ತ ಬಂದಿತ್ತು. ಒಂದು ಬೀಜಕ್ಕೂ ಇನ್ನೊಂದಕ್ಕೂ ನಡುವೆ ಕಣ್ಣು ಎಳೆಯುತ್ತಿತ್ತು. ಆದರೂ ನುಣುಪು ಮುಖ ತಪ್ಪಲಿಲ್ಲ. ಕೊನೆಯ ಬೀಜ ಇಟ್ಟು, ಅಗಳಿ ಬಿದ್ದಂಥ ಆ ಶಬ್ದ ಮಾಡಿ, ಎದ್ದು ಹೋದಳು.

ಅವನು ನಾಲ್ಕನೆಯದನ್ನು ಬರೆದು ಕಾದ. ಕಾಡಿನ ಕಡೆಯಿಂದ ತಣ್ಣನೆ ಗಾಳಿ ಬಂತು. ಒಳಗೆ ಸದ್ದಿರಲಿಲ್ಲ. ಗುತ್ಯಪ್ಪ ಹೊರೆ ಹೊತ್ತು ಅಂಗಳಕ್ಕೆ ಬಂದು, ಇಳಿಸಿ, ಜಗಲಿಯ ಮೇಲೆ ಸಾಲಾಗಿದ್ದ ಅಕ್ಷರಗಳನ್ನು ನೋಡಿ, ಕೈಕಾಲು ತೊಳೆಯಲು ಹೋದ. ಸ್ವಲ್ಪ ಹೊತ್ತಿನ ಮೇಲೆ ರಾಧಮ್ಮ ಹೊರಗೆ ಬಂದಳು. ಅವಳ ತೋಳಿನ ಮೇಲೆ ಹಸಿರು, ಕೆಂಪು, ನೀಲಿ ಮೂರೂ ಇದ್ದವು, ಒಗೆಯಲು.

"ಮಲಗಿಬಿಟ್ಲು ಸಾರ್" ಅಂದಳು, ಪಿಸುದನಿಯಲ್ಲಿ. "ಹಳದಿ ಒಂದರಲ್ಲೇ. ಪೆಟ್ಟಿಗೆ ಪಕ್ಕ ನೆಲದ ಮೇಲೇ. ಎಬ್ಬಿಸ್ಲಾ?"

"ಬೇಡ."

ಅವನು ಗೋಡೆ ಹಿಡಿದು ಎದ್ದ. ರಿಜಿಸ್ಟರನ್ನೂ ಕವರನ್ನೂ ಚೀಲಕ್ಕೆ ಹಾಕಿಕೊಂಡ. ರಾಧಮ್ಮ ಗೆರೆಯ ಅಂಗಿಯನ್ನು ಎತ್ತಿ ಅವನಿಗೆ ಕೊಟ್ಟಳು, ಎರಡೂ ಕೈಯಲ್ಲಿ. ತೆಗೆದುಕೊಂಡ. ಇನ್ನು ಅವರ ಕಡೆಯಿಂದ ಅವನಿಗೆ ಬರಬೇಕಾದ್ದು ಏನೂ ಇರಲಿಲ್ಲ. ಜಗಲಿಯ ಮೇಲೆ ಮೂರು ಅಕ್ಷರ ತುಂಬಿದ್ದವು, ಒಂದು ಬರಿಯ ಗೆರೆಯಾಗಿ ಉಳಿದಿತ್ತು. ಅವಳು ರೂಢಿಯಂತೆ ಚಾಪೆ ಸುತ್ತಲು ಬಗ್ಗಿದಾಗ, "ಆ ಗೆರೆ ಅಳಿಸಬೇಡಿ" ಅಂದ.

"ಇಲ್ಲ. ಕೋಳಿ ಬರ್ತಾವೆ, ಬುಟ್ಟಿ ಮುಚ್ಚಿಡ್ತೀನಿ" ಅಂದಳು ರಾಧಮ್ಮ.